ಫ್ಯೂಸ್ ಗಂಟು

ಭಾನುವಾರ ನಾನು ಕಂಬ ಹತ್ತುವುದಿಲ್ಲ.
ನಸುಕಿಗೇ ಮೊಪೆಡ್ಡಿಗೆ ಕೋಲು ಬಿಗಿದು
ಸಖರಾಯಪಟ್ಟಣ ದಾಟಿ, ಅಯ್ಯನಕೆರೆ ಏರಿ.
ತೂಬಿನಿಂದ ಎಡಕ್ಕೆ ನಲವತ್ತು ಹೆಜ್ಜೆ,
ಶಕುನಗಿರಿಯ ನೆರಳು ನೀರು ಬಿಟ್ಟು ಹಿಂದೆ ಸರಿಯುವ ಜಾಗ.
ಗೆಂಡೆ ಮೇಯುವುದು ಅಲ್ಲಿ.
ಮೀನು ಕಾಣುವುದಿಲ್ಲ, ಗುಳ್ಳೆ ಕಾಣುತ್ತದೆ,
ಎಸರು ಕಾಯಲು ಶುರುವಾದ ಹಾಗೆ, ಒಂದೊಂದೇ.

ಮೇವು ಕಲಸುವುದು ಶನಿವಾರ ರಾತ್ರಿ, ಮನೆಯಲ್ಲಿ.
ಕಡಲೆಕಾಯಿ ಹಿಂಡಿ ಎರಡು ಪಾಲು, ಹುರಿದ ತೌಡು ಒಂದು,
ಮಿಕ್ಕಿದ ಮುದ್ದೆ, ಅಂಟುಬೆಲ್ಲ, ಎರಡೇ ಎರಡು ಏಲಕ್ಕಿ.
"ಪಾಯಸಕ್ಕೆ ಒಂದು ಕೇಳಿದ್ರೆ ರೇಟು ಹೇಳ್ತೀರ"
ಅನ್ನುತ್ತಾಳೆ ಪುಟ್ಟತಾಯಿ, ಡಬ್ಬಿ ಮುಚ್ಚುತ್ತ.
ನಿಜ.
ಕಟ್ಲಾ ಮೇಲ್ನೀರಿನದು, ಬಾಯಿ ಆಕಾಶಕ್ಕೆ,
ಹಿಂಡಿಯ ದೂಳಿಗೂ ಬರುತ್ತದೆ.
ಗೆಂಡೆ ಹಾಗಲ್ಲ. ಚೀಪಿ, ಉಗುಳಿ, ಮತ್ತೆ ಚೀಪುತ್ತದೆ,
ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳುವ ಅಜ್ಜಿ.
ಮಾಗಿಯಲ್ಲಿ ಅದಕ್ಕೆ ಹಸಿವೇ ಇಲ್ಲ;
ಆಗ ಎರೆಹುಳ ಸಾಕು, ಅದೂ ಅರ್ಧ.

ಗಂಟಿನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದು ಅದಕ್ಕೇ.

ಆರು ವರ್ಷದ ಹಿಂದೆ ನಾನು ಗಟ್ಟಿ ಗಂಟಿನ ಮನುಷ್ಯ.
ದಪ್ಪ ತಂಗೂಸಿ, ಅದಕ್ಕೇ ಬಿಗಿದ ಸೀಸದ ಗುಂಡು,
ಕಿತ್ತರೆ ಕೋಲು ಕೀಳಬೇಕು, ಗಂಟಲ್ಲ.
ಒಂದು ಭಾನುವಾರ ದಾರ ಮಧ್ಯದಲ್ಲೇ ಹರಿಯಿತು.
ಹೋಗಲಿ ಬಿಡು ಅಂದೆ, ಬೀಡಿ ಹಚ್ಚಿದೆ.
ಬುಧವಾರ ಕೋಡಿಯ ಹತ್ತಿರ ಪಂಪ್‌ಸೆಟ್ಟಿಗೆ ಕರೆಂಟಿಲ್ಲ ಅಂತ ಫೋನು.
ಹೋದೆ.
ಮುಳುಗಿದ ಜಾಲಿಯ ಬೇರಲ್ಲಿ ತೋಳುದ್ದದ ಗೆಂಡೆ.
ತುಟಿಯಲ್ಲಿ ಗಾಳ, ಗಾಳಕ್ಕೆ ದಾರ,
ದಾರಕ್ಕೆ ಸೀಸ, ಸೀಸ ಬೇರಿನ ಕವೆಯಲ್ಲಿ.
ಮೂರು ದಿನ ಅದು ಆ ಬೇರಿನ ಸುತ್ತ ಗಾಣದೆತ್ತು.
ಗಂಟು ನನ್ನದು. ಏಳು ಸುತ್ತು, ಎಡಕ್ಕೆ ಎಳೆದ ತುದಿ.
ಒಂದು ಕೂದಲಷ್ಟೂ ಸಡಿಲಾಗಿರಲಿಲ್ಲ.
ಅಷ್ಟು ಚೆನ್ನಾಗಿ ಕಟ್ಟಿದ್ದೆ.

ಆಮೇಲೆ ಪಂಪ್‌ಸೆಟ್ಟಿನ ಪೆಟ್ಟಿಗೆ ತೆಗೆದೆ.
ಫ್ಯೂಸಿನ ಜಾಗದಲ್ಲಿ ಯಾರೋ ಬೇಲಿ ತಂತಿ ತಿರುವಿದ್ದರು.
ಮೋಟರು ಸುಟ್ಟ ವಾಸನೆ.
ಬೈಯಲು ಬಾಯಿ ತೆರೆದವನು
ಹಾಗೇ ಮುಚ್ಚಿಕೊಂಡೆ.

ಈಗ ಸೀಸಕ್ಕೆ ಬೇರೆಯೇ ಎಳೆ:
ಪುಟ್ಟತಾಯಿ ಹೂ ಕಟ್ಟುವ ಹತ್ತಿ ನೂಲು, ಒಂಟಿ.
ಸಿಕ್ಕಿಕೊಂಡರೆ ಅದು ಮೊದಲು ಹರಿಯಬೇಕು, ಅದೇ ಅದರ ಕೆಲಸ.
ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಮಟ್ಟ ಮಾಡುತ್ತೇನೆ.
ಮೇನ್ ಗಂಟಿಗೆ ಸೈಕಲ್ ವಾಲ್ವ್ ಟ್ಯೂಬಿನ ಟೋಪಿ.
(ಕಾರ್ಬನ್ ಕೋಲಿನವರಿಗೆ ಇನ್ನೊಂದು ಮಾತು:
ತಂತಿಯ ಕೆಳಗೆ ಅದನ್ನು ಎತ್ತಬೇಡಿ.
ಇಳಿಸಲು ಬರುವವನು ನಾನೇ.)

ಪ್ಯಾರೇಜಾನ್ ಪಕ್ಕದ ಕಲ್ಲಿನ ಮೇಲಿಂದ ನಗುತ್ತಾನೆ:
"ಗಟ್ಟಿ ಇರ್ಲಿ ಅಂತ ಜನ ಕಾಸು ಕೊಡ್ತಾರೆ,
ನೀನು ಕಿತ್ತೋಗ್ಲಿ ಅಂತ ಕಟ್ತೀಯಲ್ಲೋ."
ಅವನ ದಾರ ಎಷ್ಟು ಹರಿದಿವೆ, ನಾನು ಕೇಳುವುದಿಲ್ಲ.

ಹೋದ ವಾರ ಬೆಂಡು ಮುಳುಗಲಿಲ್ಲ, ಪಕ್ಕಕ್ಕೆ ನಡೆಯಿತು,
ಯಾರೋ ಕೈ ಹಿಡಿದು ಕರೆದೊಯ್ದ ಹಾಗೆ.
ಎಳೆದೆ. ಎಳೆಯಿತು. ಜಾಲಿಯ ಕಡೆಗೆ ತಿರುಗಿ ನಿಂತಿತು.
ಕೋಲು ಬಿಲ್ಲಾಗಿ ಹಾಗೇ ಉಳಿಯಿತು;
ಬೇರಿಗೆ ಸಿಕ್ಕಿದೆ ಅಂತ ಮೊಣಕೈಗೆ ತಿಳಿಯಿತು.
ಆಮೇಲೆ ಟಪ್ಪಂತ, ಬೆರಳಿಗಷ್ಟೇ ಕೇಳುವ ಸದ್ದು:
ನೂಲು ಹೋಯಿತು, ಸೀಸ ಹೋಯಿತು,
ಮೀನಿನ ಭಾರವೊಂದೇ ಕೈಗೆ ಬಂತು, ಜೀವಂತ.
ಎರಡು ಸಲ ತಲೆ ಒದರಿತು.
ಮುಳ್ಳಿಲ್ಲದ ಗಾಳ. ಅದೂ ಜಾರಿತು.

ಖಾಲಿ ದಾರ ಸುತ್ತುತ್ತ ಪ್ಯಾರೇಜಾನ್ ಕಡೆ ನೋಡಲಿಲ್ಲ.

ಮನೆಗೆ ಬಂದಾಗ ಪುಟ್ಟತಾಯಿ ಏನೂ ಕೇಳಲಿಲ್ಲ.
ಬೆಳಿಗ್ಗೆ ನಾನು ಗೇಟು ದಾಟಿದ ಕೂಡಲೇ
ಹುರುಳಿ ನೆನೆಹಾಕಿದ್ದಳು.